ಹಪ್ಪಳ ಕದ್ದ ಹದಿಮೂರು ಹುಡುಗಿಯರು

ಎರಡನೆಯ ಮಹಾಯುದ್ಧಕ್ಕೆ ಮೊದಲಿನ ಮಾತು. ಮಂಗಳೂರಿನ ನಮ್ಮ ಇಗರ್ಜಿಯ ಪಕ್ಕದ ಹುಡುಗಿಯರ ಶಾಲೆಯಲ್ಲಿ ಜ್ಞಾನೋಪದೇಶದ, ಅಂದರೆ ಧರ್ಮಬೋಧೆಯ, ಪಾಠ ಸಿಸ್ಟರುಗಳ ಸ್ವತ್ತಾಗಿತ್ತು. ಸೀರೆ ಉಟ್ಟ ಟೀಚರೊಬ್ಬಳಿಗೆ ಅದು ಸಿಕ್ಕಿದ್ದು ನನ್ನಿಂದಲೇ ಶುರು. ಸಿಸ್ಟರೊಬ್ಬರು ಕಾಯಿಲೆ ಬಿದ್ದದ್ದರಿಂದ ಸಿಕ್ಕಿತು ಎಂದು ಜನ ಹೇಳುತ್ತಿದ್ದರು. ಹೇಳಲಿ. ನನ್ನ ಹದಿನಾಲ್ಕು ಹುಡುಗಿಯರು ಮೊದಲ ಪರಮಪ್ರಸಾದಕ್ಕೆ ಸಿದ್ಧರಾಗಿಲ್ಲ ಎಂದು ಪಾದ್ರಿಗಳಿಗೆ ಕಂಡರೆ ಪಾಠ ಕೈತಪ್ಪುತ್ತದೆ ಎಂಬುದು ಮಾತ್ರ ನನಗೆ ಚೆನ್ನಾಗಿ ಗೊತ್ತಿತ್ತು.

ಪ್ರಸಾದ ಸ್ವೀಕರಿಸುವ ಮುನ್ನಾದಿನ ಮಕ್ಕಳು ಮೊದಲ ಬಾರಿ ಪಾದ್ರಿಗಳಲ್ಲಿ ಪಾಪನಿವೇದನೆ ಮಾಡಬೇಕು. ಅಲ್ಲಿ ಯಾರೂ ತಡವರಿಸಬಾರದೆಂದು ಕ್ಲಾಸಿನಲ್ಲೇ ಅಭ್ಯಾಸ ಮಾಡಿಸಿದೆ. ಪಾದ್ರಿಗಳು ಜಾಲರಿಯ ಹಿಂದೆ ಕೂತು ಪಾಪ ಕೇಳುವ ಹಾಗೆ, ಬೆತ್ತ ಹೆಣೆದ ಕುರ್ಚಿಯನ್ನು ಅಡ್ಡ ಮಲಗಿಸಿ ಹಿಂದೆ ಕೂತೆ. ಒಬ್ಬೊಬ್ಬಳೂ ಮೊಣಕಾಲೂರಿ ಹೆಣಿಗೆಯ ತೂತುಗಳಲ್ಲಿ ಪಿಸುಗುಟ್ಟಬೇಕು. ಅಭ್ಯಾಸಕ್ಕೆಂದು ನಾನೇ ಮೂರು ಪಾಪ ಹೊಂದಿಸಿ ಕೊಟ್ಟೆ: ಒಣಗಲು ಹಾಕಿದ ಹಲಸಿನ ಹಪ್ಪಳ ಕದ್ದೆ, ತಮ್ಮನನ್ನು ಚಿವುಟಿದೆ, ಸಂಜೆಯ ಪ್ರಾರ್ಥನೆಯಲ್ಲಿ ತೂಕಡಿಸಿದೆ. ಹದಿಮೂರು ಮಂದಿ ನೀರು ಕುಡಿದ ಹಾಗೆ ಒಪ್ಪಿಸಿದರು.

ಹದಿನಾಲ್ಕನೆಯವಳು ಬಿಜೈಯ ಗದ್ದೆಗಳ ಆಚೆಯಿಂದ ಬರುತ್ತಿದ್ದ ಸಣಕಲಿ. ಸಿಟ್ಟು ಮೂಗಿನ ತುದಿಯಲ್ಲೇ.

"ನಾನು ಹಪ್ಪಳ ಕದೀಲಿಲ್ಲ ಟೀಚರ್," ಎಂದಳು.

"ಇದು ಅಭ್ಯಾಸ ಮಾತ್ರ, ಹೇಳು ಮಾರಾಯ್ತಿ."

"ಕದೀಲಿಲ್ಲ."

ನನಗೆ ಪಿತ್ತ ನೆತ್ತಿಗೇರಿತು. ಗಂಟೆ ಹೊಡೆಯುವವರೆಗೆ ಅವಳನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದೆ.

ಶನಿವಾರ ಸಂಜೆ ಎಲ್ಲರೂ ಪಾದ್ರಿಗಳ ಬಳಿ ಹೋಗಿ ಬಂದರು. ಯಾರೂ ತಡವರಿಸಲಿಲ್ಲ. ನಾನು ಅಂಗಳದಲ್ಲಿ ಬೀಗುತ್ತ ನಿಂತಿದ್ದಾಗ ಒಬ್ಬಳು ಗೆಳತಿಗೆ ಹೇಳುವುದು ಕೇಳಿಸಿತು: "ನನಗೆ ತಮ್ಮನೇ ಇಲ್ಲ. ಆದರೂ ಚಿವುಟಿದೆ ಅಂತ ಹೇಳಿದೆ."

"ನಾನು ಹಪ್ಪಳವೂ ಹೇಳಿದೆ."

ನಾನೂ, ನಾನೂ ಎಂದು ಹದಿಮೂರು ಬಾಯಿಗಳು ತೆರೆದವು.

ಮುಚ್ಚಿಡಬಹುದಿತ್ತು. ಕೇಳಿದ ಪಾಪದ ಬಗ್ಗೆ ಪಾದ್ರಿಗಳು ಬಾಯಿ ಬಿಡುವಂತಿಲ್ಲ. ಆದರೆ ಸುಳ್ಳು ನಿವೇದನೆ ಮಾಡಿ ನನ್ನ ಮಕ್ಕಳು ಪ್ರಸಾದಕ್ಕೆ ಹೋಗುವುದೇ? ಒಳಗೆ ಹೋಗಿ, "ತಪ್ಪು ನನ್ನದು ಪಾದ್ರಾಬ್, ಮಕ್ಕಳದ್ದಲ್ಲ," ಎಂದು ನಡೆದದ್ದೆಲ್ಲ ಹೇಳಿದೆ. ಅವರು ಗಡ್ಡದೊಳಗೆ ನಗು ನುಂಗಿಕೊಂಡರೋ ಸಿಟ್ಟು ನುಂಗಿಕೊಂಡರೋ ತಿಳಿಯಲಿಲ್ಲ.

"ಪುನಃ ಸಾಲಾಗಿ ನಿಲ್ಲಿಸಿ. ಈ ಸಲ ಅವರವರದ್ದೇ ಹೇಳಲಿ," ಎಂದರು.

ಹದಿಮೂರು ಮಂದಿ ನಿಂತರು. ಸಣಕಲಿ ಮಾತ್ರ ಕಂಬಕ್ಕೆ ಒರಗಿ ನೋಡುತ್ತಿದ್ದಳು.

"ನೀನು ಎಂತ ಹೇಳಿದ್ದಿ?" ನನ್ನ ಬಾಯಿ ಜಾರಿತು.

"ಅದನ್ನು ಕೇಳ್ಲಿಕ್ಕಿಲ್ಲ ಟೀಚರ್. ದೇವರಿಗೆ ಹೇಳಿ ಆಗಿದೆ."

ಪಾಠ ಆಮೇಲೂ ಎಷ್ಟೋ ವರ್ಷ ನನ್ನ ಬಳಿಯೇ ಉಳಿಯಿತು. ಬಹುಮಾನ ಗೆದ್ದ ಮಕ್ಕಳೂ ಬಂದರು. ಆದರೆ ಇವಳು ನನ್ನ ಶಿಷ್ಯೆ ಎಂದು ಎದೆ ತಟ್ಟಿ ಹೇಳಿಕೊಳ್ಳಬೇಕೆನಿಸಿದ್ದು ಆ ಹುಡುಗಿಯೊಬ್ಬಳ ವಿಷಯದಲ್ಲೇ. ಆ ಸಂಜೆ ತಲೆಗೆ ಸೆರಗು ಹೊದ್ದು, ಹದಿಮೂರು ಮಂದಿಯ ಹಿಂದೆ ನಾನೂ ಸಾಲಿನಲ್ಲಿ ನಿಂತೆ.