ದಾರಿಯ ಮೊಸರನ್ನ

ನನಗೆ ರೈಲಿನ ಊಟ ಸೇರುವುದಿಲ್ಲ ಎಂದರೆ ಜನ ನನ್ನನ್ನು ಮಡಿವಂತ ಎಂದುಕೊಳ್ಳುತ್ತಾರೆ. ಹಾಗೇನೂ ಇಲ್ಲ. ಮದರಾಸಿನ ಎಗ್ಮೋರ್ ಸ್ಟೇಷನ್ನಿನ ಎದುರಿನ ಉಡುಪಿಯವರ ಹೋಟೆಲಿನಲ್ಲಿ ಎರಡು ಇಡ್ಲಿ, ಒಂದು ವಡೆ ಮುಗಿಸದೆ ನಾನು ಯಾವ ಗಾಡಿಯನ್ನೂ ಹತ್ತಿದವನಲ್ಲ. ಸಾಂಬಾರನ್ನು ಮೂರನೆಯ ಸಲ ಕೇಳಲು ನಾಚಿಕೊಂಡವನೂ ಅಲ್ಲ. ಆದರೆ ಮೂವತ್ತು ವರ್ಷದಿಂದ ತಿಂಗಳಿಗೆ ಹತ್ತು ದಿನ ಊರೂರು ಸುತ್ತುವ ನನಗೆ, ಅಮ್ಮ ಕಟ್ಟಿಕೊಟ್ಟ ಮೊಸರನ್ನದ ಡಬ್ಬಿ ತೆರೆಯದಿದ್ದರೆ ಮಧ್ಯಾಹ್ನವಾಯಿತು ಅಂತಲೇ ಅನ್ನಿಸುವುದಿಲ್ಲ.

ಮೊಸರನ್ನ ಎಂದೆನಲ್ಲ, ಮನೆ ಬಿಡುವಾಗ ಅದು ಮೊಸರನ್ನವಾಗಿರುವುದಿಲ್ಲ. ಬಿಸಿ ಅನ್ನವನ್ನು ಚೆನ್ನಾಗಿ ಹಿಸುಕಿ, ಉಗುರುಬೆಚ್ಚಗಿನ ಹಾಲು ಹೊಯ್ದು, ಒಂದಿಷ್ಟು ಮೊಸರನ್ನು ಹೆಪ್ಪು ಹಾಕಿ ಅಮ್ಮ ಮುಚ್ಚಳ ಮುಚ್ಚುತ್ತಾಳೆ. ಮಿಕ್ಕದ್ದನ್ನು ದಾರಿ ನೋಡಿಕೊಳ್ಳುತ್ತದೆ. ಮನೆಯಲ್ಲೇ ಮೊಸರು ಕಲಸಿದರೆ ಮದರಾಸಿನ ಸೆಖೆಗೆ ವಿಲ್ಲುಪುರ ದಾಟುವುದರೊಳಗೆ ಹಲ್ಲು ಜುಮ್ಮೆನ್ನುವಷ್ಟು ಹುಳಿ. ಹಾಲು ಮೊಸರಾಗುವುದೂ ನನಗೆ ಹಸಿವಾಗುವುದೂ ಒಂದೇ ಗಳಿಗೆಯಲ್ಲಿ ಕೂಡಿಬರಬೇಕು. ಅದಕ್ಕೆ ಹಿಂದಿನ ದಿನ ಸಂಜೆಯೇ ಅಮ್ಮನ ವಿಚಾರಣೆ: “ಎಷ್ಟೊತ್ತಿಗೋ ಗಾಡಿ? ಊಟ ಎಲ್ಲಿ ಮಾಡ್ತೀಯ?”

ತಿಂಗಳು ಯಾವುದೆಂದು ಅವಳು ಕೇಳುವುದಿಲ್ಲ. ನಮ್ಮದು ಮೂರು ತಲೆಮಾರಿನ ಮದರಾಸು ಸಂಸಾರ. ಮಾತು ಮೈಸೂರಿನದು, ತಿಂಗಳುಗಳು ತಮಿಳಿನವು. ಐಪ್ಪಸಿಯ ಮಳೆಯಲ್ಲಿ ಒಂದೂವರೆ ಚಮಚ ಹೆಪ್ಪು, ಮಾರ್ಗಳಿಯ ಚಳಿಯಲ್ಲಿ ಎರಡು. ಮೇ ತಿಂಗಳ ಅಗ್ನಿನಕ್ಷತ್ರದ ಉರಿಬಿಸಿಲಿನಲ್ಲಾದರೆ ಮೊಸರಿನ ಚಮಚವನ್ನು ಅನ್ನಕ್ಕೆ ತೋರಿಸಿ ತೆಗೆದರೂ ಸಾಕು. ನಮ್ಮ ಹಳೆಯ ಮಹಾಕಾವ್ಯಗಳಿಗೆ ಹದಿನೆಂಟು ವರ್ಣನೆಗಳು ಕಡ್ಡಾಯವಂತೆ. ಅದರಲ್ಲಿ ಋತುವೂ ಉಂಟು, ಪ್ರಯಾಣವೂ ಉಂಟು. ಬುತ್ತಿ ಮಾತ್ರ ಇಲ್ಲ. ದಂಡಯಾತ್ರೆಗೆ ಹೊರಟ ಅಷ್ಟೊಂದು ರಾಜರು ಮಧ್ಯಾಹ್ನಕ್ಕೆ ಏನು ಉಂಡರು ಎಂದು ಒಬ್ಬ ಕವಿಗಾದರೂ ಕೇಳಬೇಕು ಅನ್ನಿಸಲಿಲ್ಲವಲ್ಲ, ಪುಣ್ಯಾತ್ಮರು.

ಹೋದ ವರ್ಷ ನನಗೆ ಬಡ್ತಿ ಬಂತು. ಕುರ್ಚಿ ಹಿಂದಕ್ಕೆ ವಾಲುವ, ಕಿಟಕಿ ತೆರೆಯಲಾಗದ ಬೋಗಿಗೆ ಏರಿದೆ. ಮೊದಲೆಲ್ಲ ಋತುಗಳು ಕಿಟಕಿಯಿಂದಲೇ ಒಳಗೆ ಬರುತ್ತಿದ್ದವು: ಬೇಸಗೆಯಲ್ಲಿ ತಾಟಿನುಂಗು, ಮಳೆಗಾಲದಲ್ಲಿ ಉಪ್ಪುಖಾರ ಸವರಿದ ಸೀಬೆಹಣ್ಣು. ಈಗ ಎಲ್ಲ ಗಾಜಿನ ಆಚೆ. ಬಡ್ತಿಯ ಬೆನ್ನಿಗೇ ಬಂದ ಅಗ್ನಿನಕ್ಷತ್ರದ ಒಂದು ಮಧ್ಯಾಹ್ನ, ಮದುರೆಗೆ ಹೋಗುತ್ತ, ತಿರುಚ್ಚಿ ದಾಟಿದ ಮೇಲೆ ಡಬ್ಬಿ ತೆರೆದರೆ ಹಾಲಿನಲ್ಲಿ ಅನ್ನ ಈಜಾಡುತ್ತಿತ್ತು.

ಮನೆಗೆ ಬಂದವನು ಸುಮ್ಮನಿರಬಾರದಿತ್ತೇ? “ಏನಮ್ಮ, ಮೊಸರನ್ನ ಅಂತ ಹಾಲನ್ನ ಕಟ್ಟಿದ್ಯಲ್ಲ! ಕೈ ನಡುಗ್ತೇನು?” ಎಂದೆ. ತಮಾಷೆಗೇ ಅಂದದ್ದು. ಅಮ್ಮ ನಗಲಿಲ್ಲ.

“ಹಾಲೇ ಸರಿ ಇರಲಿಲ್ವೇನೋ ಅತ್ತೆ,” ಎಂದು ನನ್ನ ಹೆಂಡತಿ ವಸುಧಾ ತೇಪೆ ಹಾಕಲು ನೋಡಿದಳು.

“ಕುಣೀಲಾರದೋಳು ನೆಲ ಡೊಂಕು ಅಂದ್ಳಂತೆ. ಹಾಲಿನ ಮೇಲೆ ಯಾಕಮ್ಮ ಹಾಕ್ತೀಯ?” ಎಂದಳು ಅಮ್ಮ.

ಮುಂದಿನ ಪ್ರಯಾಣದಲ್ಲೂ ಅದೇ ಹಾಲನ್ನ. ಈ ಸಲ ಬುದ್ಧಿವಂತನಂತೆ, “ಮೊಸರನ್ನ ಫಸ್ಟ್ ಕ್ಲಾಸ್!” ಎಂದು ಬಾಗಿಲಿನಿಂದಲೇ ಕೂಗಿದೆ. ಅಮ್ಮ ನನ್ನ ಮುಖ ನೋಡಿ, “ಚೆನ್ನಾಗಿದ್ದ ದಿನ ನೀನು ಒಂದು ಮಾತೂ ಆಡೋನಲ್ಲ,” ಎಂದವಳೇ ಹೆಪ್ಪಿನ ಚಮಚವನ್ನು ವಸುಧಾಳ ಕೈಗೆ ಕೊಟ್ಟುಬಿಟ್ಟಳು.

ವಸುಧಾ ಹೆದರಿ ಎರಡು ಚಮಚ ಸುರಿದಳು, ಮೊಸರೂ ಆಯಿತು. ಅಲ್ಲಿಗೆ ನಿಂತಿದ್ದರೆ ನಾನೂ ಉಂಡುಕೊಂಡು ಇರುತ್ತಿದ್ದೆ. ಆದರೆ ಅಮ್ಮ ಸಾರಿಗೆ ಉಪ್ಪು ಹಾಕುವ ಮುನ್ನ ಸೊಸೆಯನ್ನು ಕೇಳತೊಡಗಿದಳು. ಒಗ್ಗರಣೆಗೆ ಸಾಸಿವೆ ಎಷ್ಟು ಎಂದು ಕೇಳಿದಳು. ಅರವತ್ತು ವರ್ಷ ಅಡುಗೆಮನೆಯನ್ನು ಆಳಿದವಳು, ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ತನ್ನ ಕೈಯನ್ನು ತಾನೇ ನಂಬದಾದಳು. “ಪಾಟ್ಟೀ, ವರಿ ಪಣ್ಣಾದೇ, ಅಪ್ಪಾ ಟ್ರೈನ್‌ಲಯೇ ಆರ್ಡರ್ ಪಣ್ಣಿಪ್ಪಾ,” ಎಂದು ನನ್ನ ಮಗಳು ಅಜ್ಜಿಯನ್ನು ತಬ್ಬಿಕೊಂಡಳು. ಚಿಂತೆ ಬೇಡ, ಅಪ್ಪ ಗಾಡಿಯಲ್ಲೇ ಊಟ ತರಿಸಿಕೊಳ್ಳುತ್ತಾನೆ ಎಂದು ಸಮಾಧಾನಕ್ಕೆ ಹೇಳಿದ್ದೇ. ಅಮ್ಮ ಎದ್ದು ಒಳಗೆ ಹೋದಳು. ಪಾಪ, ವಯಸ್ಸಾಯಿತು, ಇನ್ನು ಹೀಗೇ ಎಂದು ನಾನೂ ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ.

ಸೆಖೆ ಇನ್ನೂ ಇಳಿಯದ ಆವಣಿ ತಿಂಗಳಿನಲ್ಲಿ ಮೈಸೂರಿನ ಅಕ್ಕನ ಮನೆಯಲ್ಲಿ ಮದುವೆ. ಮಂಡಿನೋವಿನಿಂದ ಎಂಟು ವರ್ಷ ರೈಲಿನ ಮುಖ ನೋಡದಿದ್ದ ಅಮ್ಮ, ಮೊಮ್ಮಗಳ ಮದುವೆ ಎಂದು ಹೊರಟುನಿಂತಳು. ಅವಳ ಜೊತೆ ನಾನು. ವಸುಧಾ, ಮಗಳು ಎರಡು ದಿನ ಬಿಟ್ಟು. ಬೆಳಗ್ಗೆ ಡಬ್ಬಿಗೆ ಹೆಪ್ಪು ಹಾಕುವ ಹೊತ್ತಿಗೆ, “ನೀನೇ ಹಾಕಮ್ಮ,” ಎಂದು ಹಟ ಹಿಡಿದೆ. “ನಂಗ್ಯಾಕೋ ಅದೆಲ್ಲ,” ಅನ್ನುತ್ತಲೇ ಅರ್ಧ ಚಮಚ ಹಾಕಿದಳು.

ಗಾಡಿ ಸೆಂಟ್ರಲ್ ಬಿಡುವ ಮುಂಚೆಯೇ ಅಮ್ಮ ಸೆರಗು ಹೊದ್ದಳು. ಅರಕ್ಕೋಣದ ಹೊತ್ತಿಗೆ ಶಾಲು ಹೊದ್ದಳು.

“ಏನೋ ಇದು ಚಳಿ?”

“ಎಸಿ ಅಮ್ಮ.”

“ನೀನು ಮದುರೆಗೆ ಹೋಗೋದೂ ಇಂಥದ್ದರಲ್ಲೇನಾ?”

“ಹೂಂ. ಬಡ್ತಿ ಬಂದಾಗಿಂದ.”

ಅಮ್ಮ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಮುಟ್ಠಾಳ! ಹೊರಗೆ ಆವಣಿ, ಒಳಗೆ ಮಾರ್ಗಳಿ! ಗಾಡಿ ಎಷ್ಟೊತ್ತಿಗೆ ಅಂತೀಯ, ಊಟ ಎಲ್ಲಿ ಅಂತೀಯ, ಇದೊಂದು ಹೇಳೋಕೆ ಬಾಯಿ ಬರಲಿಲ್ವೇನೋ ನಿಂಗೆ? ಈ ಚಳೀಲಿ ಹಾಲು ಹೆಪ್ಪಾಗತ್ತಾ?”

ನನ್ನ ಉದ್ಯೋಗವೇನೆಂದು ಇಷ್ಟು ಹೊತ್ತು ನಾನು ಹೇಳದೆ ಇದ್ದದ್ದು ನಾಚಿಕೆಯಿಂದ. ನಾನು ಶೀತಲಗೃಹದ ಯಂತ್ರಗಳನ್ನು ಮಾರುವವನು. ಕೋಯಂಬೇಡು ಮಾರುಕಟ್ಟೆಯ ಬಾಳೆಹಣ್ಣಿನ ವ್ಯಾಪಾರಿಗಳನ್ನು ಕೂರಿಸಿಕೊಂಡು, ತಂಪಿನಲ್ಲಿಟ್ಟ ಹಣ್ಣು ಹೇಗೆ ನಿಧಾನವಾಗಿ ಮಾಗುತ್ತದೆ ಎಂದು ಚಿತ್ರ ಬರೆದು ತೋರಿಸುವವನು. ಬೋಗಿ ಹತ್ತಿದ ಕೂಡಲೇ ಸ್ವೆಟರ್ ಹಾಕಿಕೊಳ್ಳುತ್ತಿದ್ದ ಈ ಮಹಾಶಯನಿಗೆ, ತನ್ನ ಕಾಲ ಬಳಿಯ ಡಬ್ಬಿಗೂ ಚಳಿಯಾಗುತ್ತದೆ ಎಂದು ಹೊಳೆಯಲಿಲ್ಲ. ಅಮ್ಮನಿಗೆ ವಯಸ್ಸಾಯಿತು ಎಂಬುದು ಮಾತ್ರ ಎಷ್ಟು ಬೇಗ ಹೊಳೆದುಬಿಟ್ಟಿತು!

ಅಮ್ಮ ಡಬ್ಬಿಯನ್ನು ಶಾಲಿನಲ್ಲಿ ಸುತ್ತಿ ಮಡಿಲಿನಲ್ಲಿಟ್ಟುಕೊಂಡಳು. ಕಾಟ್ಪಾಡಿಯಲ್ಲಿ ಕೇಳಿದೆ, ಕೊಡಲಿಲ್ಲ. ಜೋಲಾರ್‌ಪೇಟೆಯಲ್ಲಿ ಅಕ್ಕಪಕ್ಕದವರ ಪಲಾವಿನ ಘಮ ಎದ್ದಿತು. “ಸುಮ್ನೆ ಕೂತ್ಕೋ,” ಎಂದಳು. ಬಂಗಾರಪೇಟೆ ಬಂದ ಮೇಲೆ ಮುಚ್ಚಳ ತೆಗೆದಳು. ಗಟ್ಟಿಯಾಗಿ, ಅಂಚು ಬಿಟ್ಟುಕೊಂಡು, ಮೊಸರು ಹೆಪ್ಪಾಗಿತ್ತು. ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದಳು.

“ಕೈ ಸರಿಯಾಗೇ ಇದೆ ಕಣೋ.”

“ಸರಿ ಇಲ್ಲ ಅಂತ ಯಾರಮ್ಮ ಹೇಳಿದ್ದು?”

“ನೀನೇ.”

ಎತ್ತಿದ ಚಮಚ ಕೆಳಗಿಟ್ಟೆ. “ತಪ್ಪಾಯ್ತಮ್ಮ,” ಎಂದೆ. “ಉಣ್ಣು, ಆಮೇಲೆ ಹುಳಿಯಾಗತ್ತೆ,” ಎಂದಳು.

ಅಕ್ಕನ ಮನೆಯ ಹಿತ್ತಲಿನಲ್ಲಿ ಮದುವೆಯ ಅಡುಗೆಯವರು ರಾತ್ರಿಯ ಊಟಕ್ಕೆ ಸಾರು ಕುದಿಸುತ್ತಿದ್ದರು. ಅಮ್ಮ ಕೈಕಾಲು ತೊಳೆದವಳೇ ನೇರ ಅಲ್ಲಿಗೆ ನಡೆದಳು. ಒಂದು ಸಲ ಮೂಗಿನಿಂದ ಎಳೆದುಕೊಂಡು, “ಉಪ್ಪು ಸಾಲದು,” ಎಂದಳು. “ಅಮ್ಮಾ, ಅವರ ಕೆಲಸ ಅವರಿಗೆ ಗೊತ್ತು,” ಎಂದು ಅಕ್ಕ ಮುಜುಗರದಿಂದ ತೋಳು ಹಿಡಿದಳು. ಇನ್ನೂರು ಮದುವೆ ಕಂಡಿರಬಹುದಾದ ಅಡುಗೆಭಟ್ಟರು ಅಮ್ಮನನ್ನೊಮ್ಮೆ ನೋಡಿದರು. ಸೌಟಿನಿಂದ ಅಂಗೈಗೆ ಎರಡು ಹನಿ ಬಿಟ್ಟು ನೆಕ್ಕಿದರು. ಆಮೇಲೆ ಉಪ್ಪಿನ ಡಬ್ಬಕ್ಕೆ ಕೈ ಹಾಕಿದರು. ನನ್ನ ಕಣ್ಣು ತುಂಬಿ ಬಂತು. ಅಮ್ಮ ಅದನ್ನು ನೋಡಲು ನಿಲ್ಲಲಿಲ್ಲ. ಆಗಲೇ ಪಕ್ಕದ ಪಾಯಸದ ಕಡಾಯಿಯ ಕಡೆ ಹೊರಟಿದ್ದಳು.