ಎಡಗಿವಿಯ ಮೇಲಿನ ದಾಸವಾಳ

ನನಗೆ ಕಿವಿ ಬಿಡಿಸಲು ಬರುವುದಿಲ್ಲ. ಪೆನ್ಸಿಲ್ಲಿನಲ್ಲಿ ಹೆಂಗಸರ ಮುಖ ಬಿಡಿಸುತ್ತ ಹದಿನೈದು ವರ್ಷವಾದರೂ ಅದೊಂದು ಕೈಗೆ ಹತ್ತಿಲ್ಲ. ಹಾಗಾಗಿ ಸದಾಶಿವ ಪೇಠದ ನಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿದ್ದ ವಿಜಯಪುರದ ಹೆಂಗಸನ್ನು ಬಿಡಿಸಿದಾಗ, ಎಡಗಿವಿಯನ್ನು ದೊಡ್ಡದೊಂದು ದಾಸವಾಳದಿಂದ ಮುಚ್ಚಿಬಿಟ್ಟೆ. ಆಕೆಯನ್ನು ಕೇಳಿರಲಿಲ್ಲ. ಬಟ್ಟೆ ಒಣಹಾಕುವಾಗ ಮೇಲಿನಿಂದ ನೋಡಿ ಬಿಡಿಸಿದ್ದು.

ನನ್ನ ಚಿತ್ರಗಳ ಪ್ರದರ್ಶನಕ್ಕೆ ಬಂದವರೆಲ್ಲ ಆ ಚಿತ್ರದ ಮುಂದೆಯೇ ನಿಲ್ಲುತ್ತಿದ್ದರು. ಹೂವಿನ ಅರ್ಥವೇನು ಎಂದು ಕೇಳಿದರೆ, "ಅದು ನಿಮಗೇ ಬಿಟ್ಟದ್ದು" ಎಂದು ಗಂಭೀರವಾಗಿ ಹೇಳುತ್ತಿದ್ದೆ.

ಎರಡನೆಯ ದಿನ ಮಧ್ಯಾಹ್ನ ಆಕೆಯೇ ಬಂದಳು. ಚಿತ್ರ ನೋಡುತ್ತಲೇ ಮುಖ ಬಿಳಚಿಕೊಂಡಿತು. ನನ್ನ ಕೈ ಹಿಡಿದು ಕೇಳಿದಳು: "ಅಕ್ಕಾರ, ಈ ಕಿವಿ ಕೇಳಿಸೂದಿಲ್ಲಂತ ನಿಮಗ ಯಾರು ಹೇಳಿದ್ರು?"

"ಯಾರೂ ಹೇಳಿಲ್ರಿ. ನನಗ ಕಿವಿ ಬಿಡಸಾಕ ಬರೂದಿಲ್ಲ, ಅದಕ್ಕ..."

ಆಕೆ ನಂಬಲಿಲ್ಲ. "ನಮ್ಮ ಮನಿಯವ್ರು ಹೊಡದು ಕಿವಿ ಹೋದದ್ದು ನನ್ನ ತವರಮನ್ಯಾಗೂ ಗೊತ್ತಿಲ್ಲ. ನನ್ನ ಚಿತ್ರ ಅದ ಅಂತ ಬಾಜೂ ಮನಿಯವರು ಅವ್ರಿಗೂ ಹೇಳ್ಯಾರ, ಸಂಜಿಗೆ ನೋಡಾಕ ಬರ್ತಾರ. ನಾನೇ ನಿಮ್ಮ ಮುಂದ ಹೇಳೀನಿ ಅಂತ ತಿಳೀತಾರ್ರಿ. ಇಳಿಸಿಬಿಡ್ರಿ."

ಇಳಿಸಿ, ಮೇಜಿನ ಹಿಂದೆ ರಟ್ಟುಗಳ ನಡುವೆ ಬಚ್ಚಿಟ್ಟೆ.

ಸಂಜೆ ಆಕೆಯ ಗಂಡ ಬಂದ. ನಾಲ್ಕು ವರ್ಷದಿಂದ ಮೆಟ್ಟಿಲಲ್ಲಿ ಸಿಕ್ಕಾಗಲೆಲ್ಲ ನಗುತ್ತಿದ್ದವನು, ಆಗಲೂ ನಗುತ್ತಲೇ ಕೇಳಿದ: "ನಮ್ಮ ಮನಿಯಾಕಿ ಚಿತ್ರ ಎಲ್ಲದರಿ?"

"ಮಾರಾಟ ಆತ್ರಿ."

"ಫೋನಿನ್ಯಾಗ ಫೋಟೊನಾದ್ರೂ ಇರಬೇಕಲ್ಲ?"

ಇತ್ತು. ನನ್ನ ಕೈಯಲ್ಲೇ ಇತ್ತು ಫೋನು. "ಇಲ್ರಿ" ಎಂದೆ.

"ಆಕಿ ಕೂಡ ಭಾಳ ಮಾತಾಡ್ತೀರೇನು?"

"ಇಲ್ರಿ."

ಅವನು ಉಳಿದ ಹನ್ನೊಂದು ಚಿತ್ರಗಳನ್ನೂ ನಿಧಾನವಾಗಿ, ಒಂದೊಂದರ ಮುಂದೆಯೂ ನಿಂತು ನೋಡಿ ಹೋದ.

ಹತ್ತು ದಿನ ನೆಲಕ್ಕೆ ಕಿವಿಗೊಟ್ಟಂತೆಯೇ ಬದುಕಿದೆ. ಕೆಳಗಿನಿಂದ ಪಾತ್ರೆಯ ಸದ್ದೂ ಇಲ್ಲ. ಆ ಮೌನಕ್ಕೇ ಹೆಚ್ಚು ಹೆದರಿದೆ. ಹೋಗಿ ಬಾಗಿಲು ಬಡಿಯುವ ಧೈರ್ಯ ಮಾತ್ರ ಬರಲಿಲ್ಲ; ಅದಕ್ಕೆ ಇಂದಿಗೂ ನಾಚಿಕೆಯಿದೆ.

ಹನ್ನೊಂದನೆಯ ದಿನ, ಗಂಡ ಆಫೀಸಿಗೆ ಹೋದ ಮೇಲೆ, ಆಕೆಯೇ ಚೀಲ ಹಿಡಿದು ಬಂದಳು.

"ಸಾಸವಡದಾಗಿನ ತಂಗಿ ಮನಿಗೆ ಹೊಂಟೀನ್ರಿ. ಆಕಿಗೆ ಎಲ್ಲಾ ಹೇಳೀನಿ. ಚಿತ್ರ ಕೊಡ್ರಿ."

ಪೇಪರಿನಲ್ಲಿ ಸುತ್ತಿ ಕೊಟ್ಟು, ರಿಕ್ಷಾ ಹತ್ತಿಸಿದೆ. ಮತ್ತೆ ಬರಲಿಲ್ಲ. ಆರಾಮ ಇದ್ದೀನಿ ಎಂದು ಒಮ್ಮೆ ಫೋನು ಮಾಡಿದ್ದಳು.

ಆಕೆಯ ಗಂಡ ಕೆಳಗಿನ ಮನೆಯಲ್ಲೇ ಇದ್ದಾನೆ. ಸಿಕ್ಕರೆ ನಮಸ್ಕಾರ ಹೇಳುತ್ತಾನೆ, ಏನನ್ನೂ ಕೇಳುವುದಿಲ್ಲ. ಅವನು ಆಫೀಸಿಗೆ ಹೋದದ್ದನ್ನು ಕಿಟಕಿಯಿಂದ ಖಾತ್ರಿ ಮಾಡಿಕೊಂಡೇ ನಾನು ತರಕಾರಿಗೆ ಇಳಿಯುತ್ತೇನೆ.