ಆವಲಪ್ಪ ಹೊಲಿದ ಚೀಲದ ಸೂರು

ಶಿಡ್ಲಘಟ್ಟದಿಂದ ಚಿಂತಾಮಣಿ ಕಡೆ ಹೋಗುವ ದಾರಿಯಲ್ಲಿ ಬಸ್ಸಿಳಿದು ಒಂದು ಬೀಡಿ ಸೇದುವಷ್ಟು ನಡೆದರೆ ಆವಲಪ್ಪನ ಮನೆ. ಗುರುತು ಕೇಳುವ ಅಗತ್ಯವೇ ಇರಲಿಲ್ಲ. ಯಾವ ಮನೆಯ ಬಚ್ಚಲ ನೀರು ದಿಬ್ಬ ಹತ್ತಿ ಅಡಿಗೆಮನೆಗೇ ಇಳಿಯುತ್ತದೋ, ಯಾವ ಮನೆಯ ಮುಚ್ಚಿದ ಬಾಗಿಲ ಸಂದಿಯಲ್ಲಿ ನಾಯಿ ಸಲೀಸಾಗಿ ಓಡಾಡುತ್ತದೋ, ಅದೇ ಮನೆ. ಬಾಗಿಲು ಬಿಗಿಯಾಯಿತೆಂದು ಉಜ್ಜುಗೊರಡು ಹಿಡಿದು ಕೂತವನು ಹೆರೆದದ್ದೇ ಹೆರೆದದ್ದು. ಬಂದ ಹೊಟ್ಟಿನಲ್ಲಿ ಮೂರು ತಿಂಗಳು ಸ್ನಾನದ ನೀರು ಕಾಯಿತು, ಉಳಿದಷ್ಟು ಬಾಗಿಲನ್ನು ಚೌಕಟ್ಟಿಗೆ ತಗುಲಿಹಾಕಿದ. ಸ್ವಿಚ್ಚು ರಿಪೇರಿ ಮಾಡಿದ ಮೇಲಂತೂ ಇವರು ಲೈಟು ಹಾಕಿದರೆ ಪಕ್ಕದ ಮನೆ ಮಂಗಮ್ಮನ ಎಮ್ಮೆ ಬೆಚ್ಚಿಬೀಳುತ್ತಿತ್ತು. ಪಾಪ, ಹೊತ್ತು ಮುಳುಗುವ ಮೊದಲೇ ಅದು ಗೂಟದಿಂದ ದೂರ ಸರಿದು ನಿಲ್ಲುವುದನ್ನು ಕಲಿತುಬಿಟ್ಟಿತು.

ಮನೆಯ ಕೆಲಸಕ್ಕೆ ಹೊರಗಿನವರನ್ನು ಕರೆಯುವುದೆಂದರೆ ಆವಲಪ್ಪನಿಗೆ ಇನ್ನೊಬ್ಬರ ಕೈಯಲ್ಲಿ ಬಾಯಿಗೆ ಮುದ್ದೆ ಇಡಿಸಿಕೊಂಡಷ್ಟು ಅವಮಾನ. ಅದರಲ್ಲೂ ಹೆಂಡತಿ ಮುನಿಲಕ್ಷ್ಮಿಯ ತಮ್ಮ ಕೋನಪ್ಪನನ್ನು ಕರೆಯುವುದು ಸಾಧ್ಯವೇ ಇರಲಿಲ್ಲ. ಕೋನಪ್ಪ ಅಂಬಾಜಿದುರ್ಗದ ಕಡೆಯ ಗಾರೆ ಮೇಸ್ತ್ರಿ. ಕೈಯಷ್ಟೇ ಚುರುಕಾದ ನಾಲಗೆ ಅವನದು.

ಎರಡು ಸಾವಿರದ ಐದನೇ ಇಸವಿಯ ಅಕ್ಟೋಬರ್. ಆಕಾಶಕ್ಕೇ ತೂತು ಬಿದ್ದು, ಅದನ್ನೂ ಆವಲಪ್ಪನೇ ರಿಪೇರಿ ಮಾಡಿದ್ದಾನೇನೋ ಅನ್ನುವ ಹಾಗೆ ಮಳೆ ಸುರಿಯುತ್ತಿತ್ತು. ಮಂಗಗಳು ಒಡೆದ ಹೆಂಚುಗಳ ಸಂದಿಯಿಂದ ಮನೆಯೊಳಗೆ ಹದಿನೇಳು ಕಡೆ ಸೋರಿಕೆ. ಒಳಗಿದ್ದದ್ದು ಮನುಷ್ಯರಲ್ಲ, ರೇಷ್ಮೆ ಹುಳ. ಒಂದು ಚಿಟ್ಟೆ ಇಟ್ಟ ನಾನೂರಕ್ಕೆ ಒಂದು 'ಮೊಟ್ಟೆ' ಅನ್ನುವ ಲೆಕ್ಕದಲ್ಲಿ ನೂರೈವತ್ತು ಮೊಟ್ಟೆಯ ಹುಳ, ಅಂದರೆ ಅರವತ್ತು ಸಾವಿರ ಬಾಯಿ. ನಡುಮನೆಯ ಸ್ಟ್ಯಾಂಡುಗಳ ಮೇಲೆ ತಟ್ಟೆತಟ್ಟೆಯಾಗಿ ಅವು ಮಲಗಿದರೆ ಗಂಡ ಹೆಂಡತಿ ಜಗಲಿಯ ಮೇಲೆ ಚಳಿಯಲ್ಲಿ ಮುದುಡುತ್ತಿದ್ದರು. ಹದಿನಾಲ್ಕು ವರ್ಷದಿಂದ ಹೀಗೇ.

"ಈ ಬೆಳೆ ಒಂದು ಗೂಡಾಗ್ಲಿ, ಹಿತ್ತಲಲ್ಲಿ ಹುಳಕ್ಕೆ ಬೇರೆ ಮನೆ ಎಬ್ಬಿಸ್ತೀನಿ. ನಾನು ನನ್ನ ಮನೆ ಒಳಗೆ ಮಲಗ್ಬೇಕು ಕಣಯ್ಯಾ," ಅನ್ನುತ್ತಿದ್ದಳು ಮುನಿಲಕ್ಷ್ಮಿ. ಹಿಪ್ಪುನೇರಳೆ ಸೊಪ್ಪು ಕೊಯ್ದು ಕೊಯ್ದು ಅವಳ ಬೆರಳುಗಳು ಕೋಲಿನ ಹಾಗಾಗಿದ್ದವು. ಈ ಬೆಳೆಗೆ ಇನ್ನು ಹತ್ತೇ ದಿನ.

ಸೋರಿಕೆ ನೋಡಲು ಕೋನಪ್ಪ ತಾನಾಗಿಯೇ ಟಿವಿಎಸ್ ಏರಿ ಬಂದ.

"ಅಕ್ಕಾ, ಎರಡು ದಿನ ಕೊಡು. ಕೆಳಗೆ ಟಾರ್ಪಾಲು ಕಟ್ಕೊಂಡು ಹೆಂಚು ಬದಲಾಯಿಸ್ತೀನಿ. ಹುಳದ ಮೇಲೆ ಒಂದು ಹರಳೂ ಬೀಳಲ್ಲ."

"ಮನೆ ನಂದು, ನಾನು ನೋಡ್ಕೊಳ್ತೀನಿ," ಅಂದ ಆವಲಪ್ಪ.

"ಅಯ್ಯೋ ಭಾವ, ನೀನು ಮೊಳೆ ಹೊಡೆದ್ರೆ ಸುತ್ತಿಗೆ ಅಳುತ್ತೆ. ನೀನು ರಿಪೇರಿ ಮಾಡಿದ ಗೂಡು ನೋಡಿ ಕೋಳಿಗಳು ನರಿ ಮನೇಲೇ ಬಾಡಿಗೆಗೆ ಇರ್ತೀವಿ ಅಂತ ಹೋದ್ವಂತೆ, ಹೌದಾ?"

ಜಗಲಿಯಲ್ಲಿ ಕೂತಿದ್ದವರೆಲ್ಲ ನಕ್ಕರು. ಮಂಗಮ್ಮ ಎಲೆಅಡಿಕೆ ಉಗಿದು ಬಂದು ಮತ್ತೆ ನಕ್ಕಳು. ಆವಲಪ್ಪನೂ ನಕ್ಕ. ನಗುತ್ತಲೇ ಎದ್ದು ಒಳಗೆ ಹೋಗಿ ಸೋರುವ ಹೆಂಚು ಎಣಿಸಿದ.

ಮಾರನೆ ದಿನವೇ ಅವನು ಆಲೂಗಡ್ಡೆ ಬೆಳೆಯುವ ಕನಕರಾಜ್‌ನ ಶೆಡ್ಡಿಗೆ ಹೋಗಿ ನಲವತ್ತು ಖಾಲಿ ಗೊಬ್ಬರದ ಚೀಲ ಕೇಳಿ ತಂದ. ಒಳಗೆ ಪ್ಲಾಸ್ಟಿಕ್ ಹಾಳೆ ಇದ್ದ, ನೀರು ಇಳಿಯದ ಚೀಲಗಳು. ಅವನ್ನೆಲ್ಲ ಸೇರಿಸಿ ಹೊಲಿದು ಹೆಂಚಿನ ಕೆಳಗೆ ಕಟ್ಟಿದರೆ ನೀರು ಗೋಡೆಗುಂಟ ಹೊರಗೆ ಹೋಗುತ್ತದೆ. ಉಪಾಯ ಒಳ್ಳೆಯದೇ.

"ಆವಲಣ್ಣ, ಗೆದ್ದಲು ಹಿಡೀದಿರ್ಲಿ ಅಂತ ಚೀಲಕ್ಕೆ ಔಷಧಿ ಪುಡಿ ಹಾಕಿಟ್ಟಿದೀನಿ," ಅಂದಿದ್ದ ಕನಕರಾಜ್. "ಎರಡು ನೀರಲ್ಲಿ ಒಗೀಬೇಕು. ಮನೇಲಿ ಹುಳ ಇದೆ, ಮರೀಬೇಡ."

"ಹುಳದ ವಿಷಯ ನನಗೆ ಹೇಳ್ಕೊಡ್ತೀಯೇನಪ್ಪ?"

ಒಗೆದ. ಎಂಟು ಚೀಲ ಒಗೆದ. ಅವು ಎರಡು ದಿನವಾದರೂ ಒಣಗಲಿಲ್ಲ. ಅಷ್ಟರಲ್ಲಿ ಹುಳ ನಾಲ್ಕನೇ ಜ್ವರಕ್ಕೆ ಕೂತವು. ಅಂದರೆ ಒಂದು ದಿನ ಸೊಪ್ಪು ತಿನ್ನದೆ, ಅಲ್ಲಾಡದೆ ಪೊರೆ ಬಿಡುವ ಸಮಯ. ಮುನಿಲಕ್ಷ್ಮಿ ಹಾಸು ಒಣಗಿರಲಿ ಅಂತ ತಟ್ಟೆಗಳಿಗೆಲ್ಲ ಸುಣ್ಣದ ಪುಡಿ ಉದುರಿಸಿ ಬಾಗಿಲೆಳೆದಳು. ಸೊಪ್ಪು ಹಾಕಲು ಯಾರೂ ಒಳಗೆ ಓಡಾಡದ ಆ ಒಂದು ದಿನವೇ ಸೂರು ಕಟ್ಟಲು ಸಿಗುವುದು. ಉಳಿದ ಮೂವತ್ತೆರಡು ಚೀಲಗಳನ್ನು ಆವಲಪ್ಪ ಹುಣಸೆ ಮರದಾಚೆ ಒಯ್ದು, ಒಂದೊಂದನ್ನೂ ಮೂರು ಮೂರು ಸಲ ಒದರಿದ. ಕಣ್ಣಿಗೆ ಧೂಳು ಕಾಣದಷ್ಟು ಒದರಿದ. ಕಣ್ಣಿಗೆ ಕಾಣದ್ದು ಹುಳಕ್ಕೂ ಕಾಣಲಿಕ್ಕಿಲ್ಲ ಅಂತ ತೀರ್ಮಾನಿಸಿದ.

ದಬ್ಬಳಕ್ಕೆ ಎರಡೆಳೆ ದಾರ ಪೋಣಿಸಿ, ಹುಳ ಬೆಚ್ಚದ ಹಾಗೆ ಉಸಿರು ಕಟ್ಟಿಕೊಂಡು, ಏಣಿಯ ಮೇಲೆ ಅಂಗಾತ ಬಾಗಿ ಸಂಜೆವರೆಗೆ ಹೊಲಿದು ಕಟ್ಟಿದ. ಆಮೇಲೆ ಮಳೆ ಬಂತು. ಬಂದಿದ್ದು ಎಂಥ ಮಳೆ ಅಂದರೆ, ಊರಿನ ಕಪ್ಪೆಗಳು ಕೂಡ ಜಗಲಿ ಹತ್ತಿ ತಲೆ ಒರೆಸಿಕೊಂಡವು. ಒಳಗೆ ಒಂದು ಹನಿ ಬೀಳಲಿಲ್ಲ! ಆವಲಪ್ಪ ಅಂಗೈ ಚಾಚಿಕೊಂಡು ನಡುಮನೆಯೆಲ್ಲ ಓಡಾಡಿದ. ಹುಟ್ಟಿದಾಗಿನಿಂದ ಅವನ ಕೈಯ ಕೆಲಸ ಅವನ ಮಾತು ಕೇಳಿದ್ದು ಇದೇ ಮೊದಲು.

ಮಾರನೆ ದಿನ ಹುಳ ಎದ್ದವು. ಹಸಿದು ಎದ್ದ ಅರವತ್ತು ಸಾವಿರ ಹುಳ ಸೊಪ್ಪು ಕಡಿಯುವ ಸದ್ದಿಗೆ ಪಕ್ಕದವರ ಮಾತೂ ಕೇಳಿಸದು. ಹೆಂಚಿನ ಸಂದಿಯಲ್ಲಿ ಗಾಳಿ ನುಗ್ಗಿ ಮೇಲೆ ಚೀಲ ಪಟಪಟ ಬಡಿಯಿತು. ಮುನಿಲಕ್ಷ್ಮಿ ಸೊಪ್ಪಿನ ಮೇಲೆ ಬೆರಳಾಡಿಸಿ ನೋಡಿದಳು.

"ಏನಯ್ಯಾ, ಇದೇನು ಬೆಳ್ಳಗೆ?"

ಆವಲಪ್ಪನಿಗೆ ಒಗೆಯದ ಮೂವತ್ತೆರಡು ಚೀಲ ನೆನಪಾದವು. ಹೇಳಿದರೆ ಸೂರು ಬಿಚ್ಚಬೇಕು. ಬಿಚ್ಚಿದರೆ ಕೋನಪ್ಪ ಬರುತ್ತಾನೆ. ಕೋನಪ್ಪ ಬಂದರೆ ಜಗಲಿ ತುಂಬ ನಗು.

"ಸುಣ್ಣ ಕಣೇ. ನಿನ್ನೆ ನೀನೇ ಉದುರಿಸಿದ್ದಲ್ವಾ, ಹುಳದ ಮೈಗಂಟಿ ಸೊಪ್ಪಿಗೆ ಬಂದಿದೆ."

ಹೌದಲ್ಲ, ತಾನೇ ಉದುರಿಸಿದ್ದು. ಅವಳು ನಂಬಿದಳು. ಅದರ ಮೇಲೆಯೇ ಇನ್ನೂ ಮೂರು ಸಲ ಸೊಪ್ಪು ಹಾಕಿದಳು. ಮೂರು ಸಲವೂ ಆವಲಪ್ಪ ಬಾಗಿಲಲ್ಲಿ ನಿಂತು ನೋಡಿದ. ಮೂರು ಸಲವೂ ಬಾಯಿ ತೆರೆದು, ಆಕಳಿಸಿ, ಮುಚ್ಚಿದ.

ಬೆಳಕು ಹರಿದಾಗ ಮನೆ ನಿಶ್ಶಬ್ದವಾಗಿತ್ತು. ಹುಳಗಳು ತಲೆ ಎತ್ತಿ ಅತ್ತಿಂದಿತ್ತ ಆಡಿಸುತ್ತಿದ್ದವು, ಬೇಡ ಬೇಡ ಅನ್ನುವ ಹಾಗೆ. ಹಸಿರು ನೀರು ಕಕ್ಕಿ, ಮುರಿಮುರಿದು, ತಟ್ಟೆಯಿಂದ ಕೆಳಗೆ ಉದುರುತ್ತಿದ್ದವು. ಮಧ್ಯಾಹ್ನದ ಹೊತ್ತಿಗೆ ಅಲ್ಲಾಡುವ ಹುಳವೇ ಇರಲಿಲ್ಲ. ಮುನಿಲಕ್ಷ್ಮಿ ಅಳಲಿಲ್ಲ. ಬುಟ್ಟಿಗೆ ತುಂಬಿ ತುಂಬಿ ತಿಪ್ಪೆಗುಂಡಿಗೆ ಹೊತ್ತಳು. ಮಂಗಮ್ಮನ ಕೋಳಿಗಳು ಬಂದು ಒಂದೆರಡು ಕೊಕ್ಕಿ ನೋಡಿ ಹಿಂದೆ ಸರಿದವು.

ಸುದ್ದಿ ಕೇಳಿ ಕೋನಪ್ಪ ಬಂದ. ಊರೂ ಬಂತು. ಕೋನಪ್ಪ ತಟ್ಟೆಯಿಂದ ಒಂದು ಚಿಟಿಕೆ ಪುಡಿ ತೆಗೆದು ಮೂಸಿದ. ತಲೆ ಎತ್ತಿ ಸೂರು ನೋಡಿದ. ಏಣಿ ಹತ್ತಿ ಹೊಲಿಗೆಯ ಮೇಲೆ ಉದ್ದಕ್ಕೂ ಬೆರಳಾಡಿಸಿದ.

"ಭಾವ," ಅಂದ ಮೆತ್ತಗೆ, "ಹೊಲಿಗೆ ಒಂದೂ ತಪ್ಪಿಲ್ಲ. ನನ್ನ ಕೈಲೂ ಆಗ್ತಿರ್ಲಿಲ್ಲ."

ಆವಲಪ್ಪನ ಮುಖ ಅರಳಿತು. ಅವನಿಗೇ ಗೊತ್ತಾಗದೆ ಅರಳಿತು. "ಎರಡೆಳೆ ಹಾಕಿದೀನಪ್ಪ, ಅದಕ್ಕೇ," ಅಂದುಬಿಟ್ಟ.

ಖಾಲಿ ಬುಟ್ಟಿ ಹಿಡಿದು ಬಾಗಿಲಲ್ಲಿ ನಿಂತಿದ್ದ ಮುನಿಲಕ್ಷ್ಮಿ ಅದನ್ನು ನೋಡಿದಳು.

"ಚೀಲ ಒಗೆದಿದ್ಯಾ?"

"ಒದರಿದ್ದೆ."

"ಬೆಳ್ಳಗಿದ್ದದ್ದು ಸುಣ್ಣ ಅಂದೆ."

ಆವಲಪ್ಪ ಸೂರು ನೋಡಿದ.

ಮುನಿಲಕ್ಷ್ಮಿ ಬುಟ್ಟಿ ಇಟ್ಟು ಕೈ ತೊಳೆದಳು. ಎರಡು ಸೀರೆ ಗಂಟು ಕಟ್ಟಿದಳು. "ಗಾಡಿ ತಿರುಗ್ಸೋ ಕೋನಾ," ಅಂದಳು. ಊರು ದಾರಿ ಬಿಟ್ಟಿತು. ಟಿವಿಎಸ್ ಸದ್ದು ಹುಣಸೆ ಮರದಾಚೆ ಹೋದ ಮೇಲೂ ಜನ ನಿಂತೇ ಇದ್ದರು. ಮಂಗಮ್ಮ ಒಳಗೆ ಇಣುಕಿ ಸೂರು ನೋಡಿ, "ನಮ್ಮ ಕೊಟ್ಟಿಗೆಗೂ ಒಂದು ಹಿಂಗೇ ಹೊಲಿದುಕೊಡಪ್ಪ," ಅಂದಳು. ಆಮೇಲೆ ಎಲ್ಲರೂ ಹೋದರು.

ಸಂಜೆ ಮಳೆ ಹಿಡಿಯಿತು. ಆವಲಪ್ಪ ಖಾಲಿ ನಡುಮನೆಯಲ್ಲಿ ಅಂಗಾತ ಮಲಗಿ, ಎಲ್ಲಾದರೂ ಒಂದು ಹನಿ ಸೋರುತ್ತದೇನೋ ಅಂತ ಕಾದ. ಸೋರಲಿಲ್ಲ.